ಸಂಚಗಾರಕ್ಕೂ ಮೊದಲು: ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಮನೆ ಕೊಳ್ಳುವವರಿಗೆ ಕಾಗದಪತ್ರ ಮತ್ತು ಸಾಲದ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಮನೆ ವ್ಯವಹಾರ ಬಹುಪಾಲು ತಲೆಕೆಳಗಾಗಿ ನಡೆಯುತ್ತದೆ. ಮನೆ ನೋಡುತ್ತಾರೆ, ದಲಾಲ ನಡುವೆ ಕೂತು ರೇಟು ಮುಗಿಸುತ್ತಾನೆ, ಒಳ್ಳೆಯ ದಿನ ನೋಡಿ ಸಂಚಗಾರ, ಅಂದರೆ ಮುಂಗಡ, ಕೊಟ್ಟುಬಿಡುತ್ತಾರೆ. ಬ್ಯಾಂಕಿಗೆ ಹೋಗುವುದು ಆಮೇಲೆ. ಬ್ಯಾಂಕಿನ ವಕೀಲರು ‘ಮಾರುವವರ ಅಕ್ಕನ ಸಹಿ ಇಲ್ಲ’ ಎಂದೋ ‘ಪ್ಲಾಟು ಎನ್‌ಎ (ಕೃಷಿಯೇತರ) ಆಗಿಲ್ಲ’ ಎಂದೋ ಬರೆದು ಫೈಲು ವಾಪಸ್ ಕಳಿಸುವ ಹೊತ್ತಿಗೆ ಆ ಎರಡು ಮೂರು ಲಕ್ಷ ಮಾರುವವರ ಕೈಯಲ್ಲಿ ಖರ್ಚಾಗಿರುತ್ತದೆ.

ಸರಿಯಾದ ಕ್ರಮ ಬೇರೆ. ಮೊದಲು ಎಲ್ಲ ಕಾಗದಗಳ ಜೆರಾಕ್ಸ್ ಪಡೆಯಿರಿ. ಅದನ್ನು ನಿಮ್ಮ ವಕೀಲರಿಗೆ ಕೊಡಿ. ಅವರು ನೋಡುವಷ್ಟರಲ್ಲಿ ಬ್ಯಾಂಕಿನಲ್ಲಿ ನಿಮಗೆಷ್ಟು ಸಾಲ ಸಿಗುತ್ತದೆಂದು ಲೆಕ್ಕ ಹಾಕಿಸಿ. ಎರಡೂ ಕಡೆಯಿಂದ ಹೂಂ ಬಂದ ಮೇಲೆ ಸಂಚಗಾರ. ಜೆರಾಕ್ಸ್ ಕೊಡಲು ಮಾರುವವರು ಹಿಂದೆ ಮುಂದೆ ನೋಡಿದರೆ ಆ ಮನೆಯ ಬಗ್ಗೆ ಅಷ್ಟೇ ಸಾಕಷ್ಟು ತಿಳಿದಂತಾಯಿತು.

ಮನೆ ಯಾವ ಕಚೇರಿಯ ಹದ್ದಿನಲ್ಲಿದೆ?

ಎಲ್ಲ ಪ್ರಶ್ನೆಗಳಿಗಿಂತ ಮೊದಲು ಇದು, ಯಾಕೆಂದರೆ ‘ಉತಾರ’ ಎಂದು ಎಲ್ಲರೂ ಕರೆಯುವ ಕಾಗದ ಒಂದೊಂದು ಕಡೆ ಒಂದೊಂದು. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಹದ್ದಿನಲ್ಲಿದ್ದರೆ ಇ-ಆಸ್ತಿಯಲ್ಲಿ ತೆಗೆದ ನಮೂನೆ-3 ಬೇಕು. ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ನಮೂನೆ 11ಬಿ ಅಥವಾ ಬಿ-ಖಾತಾ ತೋರಿಸಿದರೆ ಎಚ್ಚರ: ಆ ಆಸ್ತಿಗೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಬಡಾವಣೆ ನಕ್ಷೆಯೋ ಎನ್‌ಎ ಆದೇಶವೋ ಇಲ್ಲ ಎಂಬುದೇ ಅದರ ಅರ್ಥ. ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ಅಂಥದಕ್ಕೆ ಸಾಲ ಕೊಡುವುದಿಲ್ಲ. ಕೊಡುತ್ತೇವೆ ಎನ್ನುವ ಸಣ್ಣ ಫೈನಾನ್ಸ್‌ಗಳ ಬಡ್ಡಿ ಹೆಚ್ಚು. 2024ರ ಅಕ್ಟೋಬರ್‌ನಿಂದ ಇಡೀ ರಾಜ್ಯದಲ್ಲಿ ಇ-ಖಾತಾ, ಅಂದರೆ ಮೇಲೆ ಹೇಳಿದ ಆನ್‌ಲೈನ್ ಉತಾರ, ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆದ್ದರಿಂದ ‘ಖರೀದಿ ಆದಮೇಲೆ ಖಾತೆ ಮಾಡಿಸಿಕೊಡ್ತೀನ್ರಿ’ ಎಂಬ ಮಾತಿಗೆ ಈಗ ಬೆಲೆ ಇಲ್ಲ. ಇ-ಖಾತಾ ಮಾಡಿಸುವುದು ಮಾರುವವರ ಕೆಲಸ, ಅದೂ ವ್ಯವಹಾರಕ್ಕೆ ಮೊದಲು.

ಹಳೆ ಊರಿನ ಭಾಗಗಳಲ್ಲಿ ಸಿಟಿ ಸರ್ವೆ ಆಗಿದ್ದು ಸಿಟಿಎಸ್ ನಂಬರು ಇರುತ್ತದೆ. ಅಲ್ಲಿ ಖಾತೆಯ ಜೊತೆಗೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡೂ ಬೇಕು. ಪಾಲಿಕೆಯ ಖಾತೆಯಲ್ಲಿ ಮಗನ ಹೆಸರು ಬಂದು, ಪ್ರಾಪರ್ಟಿ ಕಾರ್ಡಿನಲ್ಲಿ ಇನ್ನೂ ಅಜ್ಜನ ಹೆಸರೇ ಉಳಿದಿರುವುದು ಬಹಳ ಸಾಮಾನ್ಯ. ಎರಡೂ ಒಂದಾಗದೆ ಬ್ಯಾಂಕು ಮುಂದುವರಿಯುವುದಿಲ್ಲ.

ಬೆಳಗಾವಿ ಕ್ಯಾಂಪಿನ ಮಾತೇ ಬೇರೆ. ಕಂಟೋನ್ಮೆಂಟ್ ಜಾಗದಲ್ಲಿ ಹಲವು ಬಂಗಲೆಗಳ ನೆಲ ಕೇಂದ್ರ ಸರ್ಕಾರದ್ದು, ಕಟ್ಟಡವಷ್ಟೇ ಖಾಸಗಿಯವರದು. ಓಲ್ಡ್ ಗ್ರಾಂಟೋ (ನೆಲ ಸರ್ಕಾರದಲ್ಲೇ ಉಳಿದ ಹಳೆ ಮಂಜೂರಾತಿ), ಲೀಸೋ, ಲೀಸಾದರೆ ಅವಧಿ ಎಷ್ಟು ಉಳಿದಿದೆ ಎಂಬುದನ್ನು ಜನರಲ್ ಲ್ಯಾಂಡ್ ರಿಜಿಸ್ಟರ್ ನಕಲಿನಲ್ಲಿ ನೋಡದೆ ರೇಟಿನ ಮಾತೇ ಎತ್ತಬೇಡಿ.

ಬಾಗಲಕೋಟೆಯ ನವನಗರದಲ್ಲಿ ನಿವೇಶನಗಳು ಮುಳುಗಡೆ ಸಂತ್ರಸ್ತರಿಗೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಟಿಡಿಎ, ಹಂಚಿದಂಥವು. ಹಂಚಿಕೆ ಪತ್ರ, ಕಬ್ಜಾ ಪತ್ರ, ಪ್ರಾಧಿಕಾರ ಮಾಡಿಕೊಟ್ಟ ಖರೀದಿ ಪತ್ರ ಮೂರನ್ನೂ ಕೇಳಿ. ಹಂಚಿಕೆಯ ಷರತ್ತುಗಳನ್ನು ಸಾಲು ಸಾಲಾಗಿ ಓದಿ: ಪರಭಾರೆಗೆ ನಿರ್ಬಂಧ ಇದ್ದರೆ ಅದು ಮುಗಿದಿದೆಯೇ, ಸೆಕ್ಟರ್ ಮತ್ತು ಪ್ಲಾಟ್ ನಂಬರು ಮೂರೂ ಕಾಗದದಲ್ಲಿ ಒಂದೇ ಇದೆಯೇ. ಮೂಲ ಹಂಚಿಕೆದಾರರು ತೀರಿಕೊಂಡು ಮಕ್ಕಳು ಮಾರುತ್ತಿದ್ದರೆ ವಾರಸಾ ನೋಂದಣಿ ಪ್ರಾಧಿಕಾರದ ದಾಖಲೆಯಲ್ಲಿ ಆಗಿರಬೇಕು. ನದಿ ಪಾತ್ರದ ಹಳ್ಳಿಗಳಲ್ಲಿ ಇನ್ನೊಂದು ಗಂಟಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ ಭೂಸ್ವಾಧೀನ ನಡೆಯಬೇಕಿದೆ. ನೀವು ಕೊಳ್ಳುವ ಸರ್ವೆ ನಂಬರು ಆ ಪಟ್ಟಿಯಲ್ಲಿದೆಯೇ ಎಂದು ಭೂಸ್ವಾಧೀನ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ.

ವಿಜಯಪುರದಲ್ಲಿ ಸ್ಮಾರಕಗಳನ್ನು ನೆನಪಿಡಿ. ಗೋಳಗುಮ್ಮಟ, ಬಾರಾ ಕಮಾನ್, ಜುಮ್ಮಾ ಮಸೀದಿಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಹಳೆ ಮನೆ ಕೊಂಡು ಕೆಡವಿ ಹೊಸದು ಕಟ್ಟುವ ಆಲೋಚನೆಯಿದ್ದರೆ ಮೊದಲ 100 ಮೀಟರಿನೊಳಗೆ ಅದು ಆಗದ ಮಾತು. ನಿಯಂತ್ರಿತ ಪ್ರದೇಶದಲ್ಲಿ ಮೊದಲೇ ಅನುಮತಿ ಬೇಕು. ಖರೀದಿ ಸಾಲ ಸಿಕ್ಕರೂ ಕಟ್ಟಡ ಸಾಲ ಈ ಕಾಗದವಿಲ್ಲದೆ ಸಿಗುವುದಿಲ್ಲ.

ಕಾಗದದ ಸರಪಳಿ ಎಷ್ಟು ಹಿಂದಕ್ಕೆ ಹೋಗಬೇಕು?

ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷ ಕೇಳುತ್ತಾರೆ. ಅಂದರೆ ಇಂದಿನ ಮಾಲೀಕರಿಗೆ ಆಸ್ತಿ ಹೇಗೆ ಬಂತು, ಅವರಿಗೆ ಕೊಟ್ಟವರಿಗೆ ಹೇಗೆ ಬಂತು ಎಂದು ಒಂದೊಂದೇ ಕೊಂಡಿ ಹಿಡಿದು ಹಿಂದಕ್ಕೆ ಹೋಗಬೇಕು. ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ, ಹಕ್ಕುಸೋಡ (ಹಕ್ಕು ಬಿಟ್ಟುಕೊಟ್ಟ) ಪತ್ರ, ದಾನಪತ್ರ, ಮೃತ್ಯುಪತ್ರ ಯಾವುದೇ ಇರಲಿ, ನಡುವೆ ಒಂದು ಕೊಂಡಿ ಕಳಚಿದ್ದರೆ ಅಲ್ಲಿಗೆ ನಿಲ್ಲಿ.

ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು, ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ಸಿಗುತ್ತದೆ. ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಳೆ ಪುಸ್ತಕ ಹುಡುಕಿಸಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು. ಸಿಟಿಎಸ್ ನಂಬರು ಹಾಕಿ ಹುಡುಕುತ್ತಾರೆ, ‘ನಿಲ್’ ಬರುತ್ತದೆ, ಖುಷಿಪಡುತ್ತಾರೆ. ಹಳೆ ಪತ್ರದಲ್ಲಿ ಆಸ್ತಿಯನ್ನು ಬರೆದದ್ದು ರಿ.ಸ. (ರಿವಿಜನ್ ಸರ್ವೆ) ನಂಬರು ಮತ್ತು ಪ್ಲಾಟ್ ನಂಬರಿನಿಂದ, ಹಳೆ ಅಡಮಾನ ಇದ್ದರೆ ಅದು ಕೂತಿರುವುದೂ ಅದರಡಿಯಲ್ಲೇ. ಆ ಆಸ್ತಿಗೆ ಇದುವರೆಗೆ ಇದ್ದ ಎಲ್ಲ ನಂಬರುಗಳಲ್ಲೂ, ಹಿಂದಿನ ಮಾಲೀಕರ ಹೆಸರಿನಲ್ಲೂ ಹುಡುಕಿ.

ಇ.ಸಿ.ಯಲ್ಲಿ ಬರದ ಸಾಲವೂ ಇರುತ್ತದೆ. ಮೂಲ ಪತ್ರವನ್ನು ಅಡವಿಟ್ಟು ಸಾಲ ತೆಗೆದಾಗ ಅದನ್ನು ನೋಂದಾಯಿಸದೇ ಇದ್ದರೆ ಇ.ಸಿ. ಖಾಲಿಯೇ ತೋರಿಸುತ್ತದೆ. ನಮ್ಮ ಭಾಗದಲ್ಲಿ ಗಲ್ಲಿಗೊಂದು ಸೌಹಾರ್ದ, ಪತ್ತಿನ ಸಂಘ ಇರುವುದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷೆ ಸರಳ: ಒಪ್ಪಂದಕ್ಕೆ ಮೊದಲು ಎಲ್ಲ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. ಕಲರ್ ಜೆರಾಕ್ಸ್ ಲ್ಯಾಮಿನೇಶನ್ ಮಾಡಿಸಿಟ್ಟು ‘ಒರಿಜಿನಲ್ ಇದೇ’ ಎನ್ನುವವರಿದ್ದಾರೆ. ಮುದ್ರೆಯ ಅಚ್ಚು, ಬೆರಳಚ್ಚಿನ ಶಾಯಿ ಕಾಗದದ ಹಿಂಬದಿಗೆ ಇಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮೂಲ ಕಳೆದಿದೆ ಎಂದರೆ ಪೊಲೀಸ್ ದೂರಿನ ಪ್ರತಿ, ಪತ್ರಿಕೆ ಪ್ರಕಟಣೆ, ಸಬ್‌ರಜಿಸ್ಟ್ರಾರರ ದೃಢೀಕೃತ ನಕಲು ಮೂರೂ ಇರಬೇಕು, ಆಮೇಲೂ ನಿಮ್ಮ ಬ್ಯಾಂಕು ಒಪ್ಪುತ್ತದೆಯೇ ಎಂದು ಕೇಳಬೇಕು. ಬ್ಯಾಂಕುಗಳು ತಾವಿಟ್ಟುಕೊಂಡ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಹತ್ತು ನಿಮಿಷದ ಕೆಲಸ.

ಮೂಲತಃ ಹೊಲವಾಗಿದ್ದ ಜಾಗವಾದರೆ ಎನ್‌ಎ ಆದೇಶ, ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಎನ್‌ಎಗೂ ಹಿಂದಿನ ಪಹಣಿ ಎಲ್ಲ ಬೇಕು. ಪಹಣಿಯ 11ನೇ ಕಾಲಂ ಓದದೆ ಬಿಡಬೇಡಿ. ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಂಘ) ಸಾಲದ ಬೋಜಾ, ಕೋರ್ಟ್ ತಡೆ, ವಕ್ಫ್ ಅಥವಾ ಮುಜರಾಯಿ ನಮೂದು, ಭೂಸ್ವಾಧೀನ ಎಲ್ಲ ಅಲ್ಲೇ ಕೂತಿರುತ್ತವೆ. ಸರ್ಕಾರದಿಂದ ಮಂಜೂರಾದ ಜಮೀನು ಎಂದು ಕಂಡರೆ, ಅದರಲ್ಲೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾದರೆ, 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಎಷ್ಟು ಕೈ ಬದಲಾಗಿದ್ದರೂ ರದ್ದಾಗಬಹುದು. 100 ರೂಪಾಯಿ ಬಾಂಡ್ ಮೇಲೆ ಬರೆದುಕೊಟ್ಟ ‘ಖರೀದಿ’, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರಿದ ಗುಂಟೆ ಪ್ಲಾಟು ಇವೆರಡರಿಂದಲೂ ಮಾಲೀಕತ್ವ ಬರುವುದಿಲ್ಲ. ಜಿಪಿಎ ಮಾರಾಟದ ಬಗ್ಗೆ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಹಳೆ ಕಾಗದದ ಲಿಪಿಯೂ ಒಂದು ತೊಡಕು. 1956ರ ನವೆಂಬರ್ 1ರವರೆಗೆ ಈ ಪ್ರದೇಶ ಮುಂಬೈ ರಾಜ್ಯದಲ್ಲಿತ್ತು. ಅದಕ್ಕೂ ಹಿಂದೆ ಜಮಖಂಡಿ, ಮುಧೋಳ, ರಾಮದುರ್ಗಗಳು ಸಂಸ್ಥಾನಗಳು, ಬೆಳಗಾವಿಯ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಹಾಗಾಗಿ ಹಳೆ ಪತ್ರ ಮರಾಠಿಯಲ್ಲೂ, ಕೆಲವೊಮ್ಮೆ ಮೋಡಿ ಲಿಪಿಯಲ್ಲೂ ಇರುತ್ತದೆ. ಮೋಡಿ ಓದುವವರು ಈಗ ಬೆರಳೆಣಿಕೆ. ಅದರ ಅನುವಾದ ಮಾಡಿಸುವ ಖರ್ಚು ಮಾರುವವರದು ಎಂದು ಮೊದಲೇ ಮಾತಾಡಿಕೊಳ್ಳಿ.

ಹೆಣ್ಣುಮಕ್ಕಳ ಸಹಿ ಯಾಕೆ ಬೇಕು?

ಇಲ್ಲಿನ ಆಸ್ತಿ ತಂಟೆಗಳಲ್ಲಿ ದೊಡ್ಡ ಪಾಲು ಇದೊಂದರಿಂದ ಬರುತ್ತದೆ. ‘ಅಕ್ಕಗ ಲಗ್ನದಾಗ ಬಂಗಾರ ಹಾಕೇವಿ, ಆಕಿಗೆ ಪಾಲಿಲ್ಲ’ ಎಂಬ ಮಾತು ಮನೆಯೊಳಗೆ ನಡೆಯಬಹುದು, ಕೋರ್ಟಿನಲ್ಲಿ ನಡೆಯುವುದಿಲ್ಲ. 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಂದೆ ಆ ದಿನ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದಾದ ವಾಟ್ನಿ ಇದ್ದರೆ ಅದನ್ನು ಕೆದಕುವಂತಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಾಗಿದ್ದು, ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೂ ಹೆಂಡತಿ, ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಸಮಪಾಲು.

ಮಾಡಬೇಕಾದ್ದು ಇಷ್ಟು. ನಾಡಕಚೇರಿಯ ಮೂಲಕ ಪಡೆದ ವಂಶಾವಳಿ ತರಿಸಿಕೊಳ್ಳಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಕೈಬಿಟ್ಟಿದ್ದಾರೆಯೇ ಎಂದು ಓಣಿಯಲ್ಲಿ ಒಬ್ಬಿಬ್ಬರನ್ನು ಕೇಳಿ. ದಾಖಲೆಗಿಂತ ಪಕ್ಕದ ಮನೆಯ ಅಜ್ಜಿಯ ನೆನಪೇ ಹೆಚ್ಚು ಗಟ್ಟಿ. ತೀರಿಕೊಂಡ ಮಗಳಿದ್ದರೆ ಆಕೆಯ ಮಕ್ಕಳು, ಗಂಡನನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲರೂ ಖರೀದಿ ಪತ್ರಕ್ಕೆ ಮಾರುವವರಾಗಿಯೇ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕುಸೋಡ ಪತ್ರ ಬರೆದುಕೊಟ್ಟಿರಬೇಕು. ಸಾಕ್ಷಿಯೆಂದು ಸಹಿ ಹಾಕಿಸುವುದು, ನೋಟರಿ ಮುಂದೆ ‘ಒಪ್ಪಿಗೆ ಪತ್ರ’ ಬರೆಸುವುದು ಸಾಲದು. ತಂಗಿ ಕೊಲ್ಹಾಪುರದಲ್ಲೋ ಸೊಲ್ಲಾಪುರದಲ್ಲೋ ಇದ್ದು ಬರಲಾಗದಿದ್ದರೆ, ತಾನಿರುವ ಊರಿನ ಸಬ್‌ರಜಿಸ್ಟ್ರಾರ್ ಮುಂದೆ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಲಿ. ಬರಿಯ ನೋಟರಿ ಪವರ್ ನೋಂದಣಿ ದಿನ ಕೆಲಸಕ್ಕೆ ಬರುವುದಿಲ್ಲ, ಅದು ಗೊತ್ತಾಗುವುದು ಕೌಂಟರ್ ಮುಂದೆ ನಿಂತಾಗ. ಅಪ್ರಾಪ್ತ ವಯಸ್ಕರ ಹೆಸರಿನಲ್ಲೇ ಆಸ್ತಿ ಇದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಇಲ್ಲದಿದ್ದರೆ ಆ ಮಗು 18 ತುಂಬಿದ ಮೂರು ವರ್ಷದೊಳಗೆ ಮಾರಾಟವನ್ನು ಪ್ರಶ್ನಿಸಬಹುದು.

ದಾವೆ ಇದೆಯೇ ಎಂದು ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು, ಅವರ ತಂದೆಯ ಹೆಸರು ಎರಡನ್ನೂ ಹಾಕಿ ನೋಡಿ. ತಾಲೂಕು ಕೋರ್ಟಿಗೆ ನಿಲ್ಲಿಸಬೇಡಿ. ಬೆಳಗಾವಿ, ಬಾಗಲಕೋಟೆಯ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೂ, ವಿಜಯಪುರದವು ಕಲಬುರಗಿ ಪೀಠಕ್ಕೂ ಹೋಗುತ್ತವೆ. ದಾವೆ ನಡೆಯುತ್ತಿರುವಾಗ ಕೊಂಡರೆ ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ. ವಕೀಲರಿಂದ ಪತ್ರಿಕೆ ಪ್ರಕಟಣೆ ಕೊಡಿಸುವಾಗ ಬೆಳಗಾವಿಯಲ್ಲಿ ಕನ್ನಡದ ಜೊತೆ ಒಂದು ಮರಾಠಿ ಪತ್ರಿಕೆಗೂ ಕೊಡಿಸಿ, ತಕರಾರು ಇರುವವರ ಕಣ್ಣಿಗೆ ಬೀಳಲಿ.

ಟೇಪು ಹಿಡಿಯಿರಿ

100 ಅಡಿಯ ಟೇಪು, ಜೊತೆಗೊಬ್ಬರು, ಅರ್ಧ ಗಂಟೆ. ಪತ್ರದಲ್ಲಿ 30×40 ಅಂದರೆ 1,200 ಚದರಡಿ ಎಂದಿದೆಯೆನ್ನಿ. ಪ್ರಾಪರ್ಟಿ ಕಾರ್ಡು ಚದರ ಮೀಟರಿನಲ್ಲಿ ಇರುತ್ತದೆ, ಅಲ್ಲಿ 111.48 ಬರಬೇಕು. 104 ಎಂದಿದ್ದರೆ ಸುಮಾರು 80 ಚದರಡಿ ಎಲ್ಲೋ ಹೋಗಿದೆ: ರಸ್ತೆ ಅಗಲೀಕರಣಕ್ಕೆ ಬಿಟ್ಟಿರಬಹುದು, ಪಕ್ಕದವರ ಗೋಡೆ ಒಳಬಂದಿರಬಹುದು, ಅಥವಾ ಮೊದಲಿನಿಂದಲೂ ಪತ್ರದಲ್ಲಿ ಹೆಚ್ಚು ಬರೆದಿರಬಹುದು. ನಾಲ್ಕೂ ಬದಿ ಬೇರೆ ಬೇರೆ ಅಳೆಯಿರಿ, ಓರೆ ಪ್ಲಾಟು ಬಹಳ. ಚಕಬಂದಿಯಲ್ಲಿ ಬರೆದ ನಾಲ್ಕು ದಿಕ್ಕಿನ ನೆರೆಯವರ ಹೆಸರು ಇಂದಿನ ನೆರೆಯವರಿಗೋ ಅವರ ಹಿರಿಯರಿಗೋ ಹೊಂದಬೇಕು. ಅನುಮಾನ ಬಂದರೆ ಸರ್ವೆ ಇಲಾಖೆಯಿಂದ ಮೋಜಣಿ ಮಾಡಿಸಿ. ಕಟ್ಟಡ ಪರವಾನಗಿ ನಕ್ಷೆಯಲ್ಲಿ ಒಂದೇ ಮಹಡಿ ಇದ್ದು ನಿಂತಿರುವುದು ಎರಡಾದರೆ, ಬ್ಯಾಂಕಿನ ಮೌಲ್ಯಮಾಪಕರು ಮೇಲಿನದಕ್ಕೆ ಬೆಲೆ ಕಟ್ಟುವುದಿಲ್ಲ. ನೀವು ಮಾತ್ರ ಅದಕ್ಕೂ ಸೇರಿಸಿ ರೇಟು ಮುಗಿಸಿರುತ್ತೀರಿ.

ಬಾಡಿಗೆದಾರರಿದ್ದರೆ ಕರಾರು ಪತ್ರ ನೋಡಿ, ಖಾಲಿ ಕಬ್ಜಾ ಕೊಡುವ ದಿನ ಬರೆಸಿಕೊಳ್ಳಿ.

ಫ್ಲ್ಯಾಟಾದರೆ? ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ನೋಂದಾಯಿತ ಒಪ್ಪಂದಕ್ಕೆ ಮೊದಲು ಬಿಲ್ಡರ್ 10%ಗಿಂತ ಹೆಚ್ಚು ಪಡೆಯುವಂತಿಲ್ಲ.

ಸಂಚಗಾರ ಪತ್ರದಲ್ಲಿ ಏನಿರಬೇಕು?

ಬಾಂಡ್ ರೈಟರ್ ಹತ್ತಿರ ಸಿದ್ಧ ಮಾದರಿ ಇರುತ್ತದೆ, ಅದರಲ್ಲಿ ಮೂರು ಸಾಲು ಇರುವುದಿಲ್ಲ. ಒಂದು, ಹಕ್ಕಿನ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಸಂಚಗಾರ ಪೂರ್ತಿ ಇಷ್ಟು ದಿನದೊಳಗೆ ವಾಪಸ್. ಎರಡು, ನೋಂದಣಿ ದಿನದವರೆಗಿನ ಮನೆಪಟ್ಟಿ (ಮನೆ ತೆರಿಗೆ), ನೀರಿನ ಕರ, ಹೆಸ್ಕಾಂ ಬಾಕಿ ಮಾರುವವರದು. ಮೂರು, ಅವಧಿ. ‘ಒಂದು ತಿಂಗಳಲ್ಲಿ’ ಎಂದು ಬರೆಸಿದರೆ ಸಿಕ್ಕಿಬೀಳುವವರು ನೀವೇ. ಕಾಗದ ಶುದ್ಧವಿದ್ದರೂ ಸಾಲಕ್ಕೆ ಮೂರರಿಂದ ಐದು ವಾರ ಹಿಡಿಯುತ್ತದೆ, ಹಳೆ ಇ.ಸಿ., ವಂಶಾವಳಿ ಬೇಕಾದರೆ ಇನ್ನೂ ಹೆಚ್ಚು. ಆದ್ದರಿಂದ 90 ದಿನ ಕೇಳಿ.

ಕಬ್ಜಾ ಕೊಟ್ಟಿದ್ದೇವೆ ಎಂದು ಒಪ್ಪಂದದಲ್ಲಿ ಬರೆದರೆ ಅದಕ್ಕೆ ಖರೀದಿ ಪತ್ರದಷ್ಟೇ ಸ್ಟ್ಯಾಂಪ್ ಡ್ಯೂಟಿ ಬೀಳುತ್ತದೆ, ಎಚ್ಚರವಿರಲಿ. ಹಣ ಚೆಕ್ ಅಥವಾ ಆರ್‌ಟಿಜಿಎಸ್‌ನಲ್ಲೇ ಹೋಗಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಪಡೆದಷ್ಟೇ ದಂಡ.

ಎಷ್ಟು ಸಾಲ, ಕೈಯಿಂದ ಎಷ್ಟು?

ರಿಸರ್ವ್ ಬ್ಯಾಂಕಿನ ಮಿತಿ ಹೀಗಿದೆ: ಸಾಲ 30 ಲಕ್ಷದವರೆಗೆ ಇದ್ದರೆ ಮನೆಯ ಮೌಲ್ಯದ 90%, 30ರಿಂದ 75 ಲಕ್ಷಕ್ಕೆ 80%, ಅದಕ್ಕೂ ಮೇಲೆ 75%. ಇದು ಗರಿಷ್ಠ, ಇಷ್ಟು ಕೊಡಲೇಬೇಕೆಂದಲ್ಲ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಈ ಮೌಲ್ಯದಲ್ಲಿ ಸೇರುವುದಿಲ್ಲ (10 ಲಕ್ಷದೊಳಗಿನ ಮನೆಗೆ ಮಾತ್ರ ವಿನಾಯಿತಿ).

48 ಲಕ್ಷದ ಮನೆಯನ್ನೇ ತೆಗೆದುಕೊಳ್ಳಿ. ಸಾಲ ಹೆಚ್ಚೆಂದರೆ 38.4 ಲಕ್ಷ, ಕೈಯಿಂದ 9.6 ಲಕ್ಷ. ನಗರ ಪ್ರದೇಶದಲ್ಲಿ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ 10% ಸೆಸ್, 2% ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಹೋಗಿ 2% ಆಗಿದೆ. ಒಟ್ಟು 7.6%, ಅಂದರೆ 3,64,800 ರೂಪಾಯಿ. ಗ್ರಾಮೀಣ ಭಾಗದಲ್ಲಿ ಸರ್‌ಚಾರ್ಜ್ 3% ಇರುವುದರಿಂದ 7.65%. ಇನ್ನೂ 6.6% ಎಂದು ಹೇಳುವವರು ಹಳೆ ಲೆಕ್ಕದಲ್ಲಿದ್ದಾರೆ. ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮಾತ್ರ 20 ಲಕ್ಷದವರೆಗೆ 2%, 45 ಲಕ್ಷದವರೆಗೆ 3% ಡ್ಯೂಟಿ. ವಕೀಲರು, ಮೌಲ್ಯಮಾಪನ, ಪ್ರೊಸೆಸಿಂಗ್, ಅಡಮಾನದ ನೋಂದಣಿ, ಬಾಂಡ್ ರೈಟರ್, ಖಾತೆ ಬದಲಾವಣೆಗೆಂದು ಇನ್ನೊಂದು ಲಕ್ಷ ಇಟ್ಟುಕೊಳ್ಳಿ. ಹೀಗೆ 48 ಲಕ್ಷದ ಮನೆಗೆ ಕೈಯಲ್ಲಿ ಹದಿನಾಲ್ಕೂಕಾಲು ಲಕ್ಷ ಇರಬೇಕು. 38.4 ಲಕ್ಷಕ್ಕೆ 8.5% ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 33,300, ಒಟ್ಟು ಕಟ್ಟುವುದು 80 ಲಕ್ಷದ ಹತ್ತಿರ.

ಈಗ ಮಾರುವವರು ‘ಸರ್ಕಾರಿ ರೇಟು 35 ಲಕ್ಷ ಐತಿ, ಪತ್ರದಾಗ 36 ಬರೀರಿ, ಉಳಿದ 12 ನಗದು ಕೊಡ್ರಿ’ ಎನ್ನುತ್ತಾರೆ. ಡ್ಯೂಟಿಯಲ್ಲಿ ಉಳಿಯುವುದು 12 ಲಕ್ಷದ 7.6%, ಅಂದರೆ 91,200. ಬ್ಯಾಂಕು ಪತ್ರದ ಬೆಲೆ ಮತ್ತು ಮೌಲ್ಯಮಾಪನ ಎರಡರಲ್ಲಿ ಕಡಿಮೆಯದನ್ನೇ ಹಿಡಿಯುತ್ತದೆ. 36 ಲಕ್ಷಕ್ಕೆ 30 ಲಕ್ಷ ದಾಟಿ ಸಾಲ ಹುಟ್ಟುವುದಿಲ್ಲ. ಕೈಯಿಂದ ಹಾಕುವ 9.6 ಲಕ್ಷ 18 ಲಕ್ಷವಾಯಿತು, ಅದರಲ್ಲಿ 12 ಲಕ್ಷಕ್ಕೆ ರಸೀದಿಯೇ ಇಲ್ಲ. ಮುಂದೆ ಮಾರುವಾಗ ನಿಮ್ಮ ಖರೀದಿ ಬೆಲೆ 36 ಎಂದೇ ಲೆಕ್ಕ, ಆ 12 ಲಕ್ಷವೂ ಲಾಭವೆಂದಾಗಿ 12.5%ರಂತೆ ಒಂದೂವರೆ ಲಕ್ಷ ತೆರಿಗೆ. ವ್ಯವಹಾರ ಮುರಿದರೆ ನಗದು ಕೇಳಲು ನಿಮ್ಮ ಬಳಿ ಕಾಗದವಿಲ್ಲ. ಉಳಿತಾಯ ಯಾರಿಗಾಯಿತು ಎಂದು ನೀವೇ ಕೂಡಿಸಿ ನೋಡಿ.

ಆದಾಯದ ದಾಖಲೆಗೆ ನೌಕರರಾದರೆ ಮೂರು ತಿಂಗಳ ಪಗಾರ ಪತ್ರ, ಎರಡು ವರ್ಷದ ಫಾರಂ 16, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ವ್ಯಾಪಾರಸ್ಥರಾದರೆ ಮೂರು ವರ್ಷದ ರಿಟರ್ನ್. ಕಬ್ಬು, ದ್ರಾಕ್ಷಿ ಬೆಳೆಗಾರರು ಪಹಣಿಯೊಂದನ್ನೇ ಹಿಡಿದು ಹೋದರೆ ಮ್ಯಾನೇಜರ್ ಒಪ್ಪುವುದು ಕಷ್ಟ. ಕಾರ್ಖಾನೆಯ ಬಿಲ್ಲು, ಒಣದ್ರಾಕ್ಷಿ ಮಾರಿದ ಪಟ್ಟಿ ಬ್ಯಾಂಕ್ ಖಾತೆಗೇ ಜಮೆಯಾದ ಎರಡು ಮೂರು ವರ್ಷದ ದಾಖಲೆ ಇದ್ದರೆ ಮಾತು ಬೇರೆ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಿದರೆ ಹೊಸ ಸಾಲ ಕಷ್ಟ, ಆದ್ದರಿಂದ ಆ ವರ್ಷ ಬೈಕು, ಫೋನು ಕಂತಿಗೆ ತೆಗೆಯಬೇಡಿ.

ಬ್ಯಾಂಕೋ, ಹೌಸಿಂಗ್ ಫೈನಾನ್ಸೋ? ಬ್ಯಾಂಕುಗಳ ಬದಲಾಗುವ ದರದ ಗೃಹಸಾಲ 2019ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ರೆಪೋದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿದೆ, ಮೂರು ತಿಂಗಳಿಗೊಮ್ಮೆಯಾದರೂ ಹೊಂದಾಣಿಕೆ ಆಗಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟು ಇಲ್ಲ, ತಮ್ಮದೇ ದರ ಇರುತ್ತದೆ, ಇಳಿಯುವಾಗ ಅದು ನಿಧಾನ. ಆದರೆ ಕಾಗದದಲ್ಲಿ ಸಣ್ಣಪುಟ್ಟ ಕೊರತೆ ಇದ್ದಾಗ ಅವರು ಸ್ವಲ್ಪ ಸಡಿಲ. ಎಲ್ಲಿ ಹೋದರೂ ಸಹಿಗೆ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ. 2024ರ ಅಕ್ಟೋಬರ್‌ನಿಂದ ಕಡ್ಡಾಯ, ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಸಂಸ್ಥೆಗಳ ಆ ಅಂಕಿಯನ್ನೇ ಹೋಲಿಸಿ, ಬೋರ್ಡಿನ ಮೇಲಿನ ದರವನ್ನಲ್ಲ. ಬದಲಾಗುವ ದರದ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲ. ಸಾಲದ ಜೊತೆ ಹಚ್ಚುವ ಜೀವವಿಮೆ ಕಾನೂನಿನಂತೆ ಕಡ್ಡಾಯವಲ್ಲ. ಅದರ ಪ್ರೀಮಿಯಂ ಸಾಲಕ್ಕೇ ಸೇರಿಸಿದರೆ 20 ವರ್ಷ ಅದಕ್ಕೂ ಬಡ್ಡಿ ಕಟ್ಟುತ್ತೀರಿ.

ಬ್ಯಾಂಕಿನ ವಕೀಲರು ನೋಡಿದ ಮೇಲೆ ನಮ್ಮ ವಕೀಲರು ಯಾಕೆ? ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ವಸೂಲಾಗುತ್ತದೆಯೇ ಎಂದು. ಪಕ್ಕದವರ ಗೋಡೆ, ದಾರಿಯ ಹಕ್ಕು, ಬಾಡಿಗೆದಾರ ಅವರ ಚಿಂತೆಯಲ್ಲ. ಮುಂದೆ ಹಕ್ಕಿಗೆ ಕುತ್ತು ಬಂದರೂ ಕಂತು ನೀವು ಕಟ್ಟುತ್ತಲೇ ಇರಬೇಕು.

ಮಾರುವವರ ಮೇಲೆಯೇ ಸಾಲವಿದ್ದರೆ

ಹೆದರಬೇಕಿಲ್ಲ. ಮೂಲ ಪತ್ರ ಬ್ಯಾಂಕಿನಲ್ಲಿ ಭದ್ರವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಅವರ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಮತ್ತು ಅಲ್ಲಿರುವ ಕಾಗದಗಳ ಪಟ್ಟಿ ತರಿಸಿ. ನಿಮ್ಮ ಬ್ಯಾಂಕು ಬಾಕಿಯನ್ನು ನೇರ ಆ ಸಾಲದ ಖಾತೆಗೆ ಕಟ್ಟಲಿ, ಮಾರುವವರ ಕೈಗಲ್ಲ. ಸಾಲ ತೀರಿದ ಮೇಲೆ ಅಡಮಾನದ ಬಿಡುಗಡೆ ನೋಂದಣಿಯಾಗಿ ಇ.ಸಿ.ಯಲ್ಲಿ ಕಾಣಬೇಕು. ಬಡ್ಡಿ ದಿನವೂ ಏರುವುದರಿಂದ ಬಾಕಿ ಪತ್ರದ ಮೇಲಿನ ಕೊನೆಯ ದಿನಾಂಕ ನೋಡಿಟ್ಟುಕೊಳ್ಳಿ.

ನೋಂದಣಿ ದಿನ

ಖರೀದಿ ಪತ್ರದ ಕರಡನ್ನು ಕಾವೇರಿ 2.0ರಲ್ಲಿ ಏರಿಸಿ, ಅಧಿಕಾರಿ ಪರಿಶೀಲಿಸಿದ ಮೇಲೆ ಹಣ ಕಟ್ಟಿ, ಸಮಯ ಕಾಯ್ದಿರಿಸಬೇಕು. ಈಗ ಜಿಲ್ಲೆಯೊಳಗಿನ ಯಾವ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಾದರೂ ಆಗುತ್ತದೆ. ಊರಿನದು ಗಿಜಿಗುಟ್ಟಿದರೆ ತಾಲೂಕಿನದಕ್ಕೆ ಹೋಗಬಹುದು. ಕರಡನ್ನು ಹಿಂದಿನ ರಾತ್ರಿ ಜೋರಾಗಿ ಓದಿ: ಹೆಸರಿನ ಅಕ್ಷರ ಆಧಾರ್‌ನಂತೆಯೇ, ಸಿಟಿಎಸ್ ನಂಬರು, ಪಿಐಡಿ (ಆಸ್ತಿ ಗುರುತಿನ) ನಂಬರು, ಅಳತೆ, ಚಕಬಂದಿ. ‘ಪೂರ್ವಕ್ಕೆ ರಸ್ತೆ’ ಎಂಬುದು ‘ಪಶ್ಚಿಮಕ್ಕೆ’ ಆದರೆ ಸರಿಪಡಿಸಲು ತಿದ್ದುಪಡಿ ಪತ್ರಕ್ಕೆ ಮತ್ತೆ ಎಲ್ಲ ಮಾರುವವರನ್ನೂ ಕಚೇರಿಗೆ ಕರೆತರಬೇಕು. ಅಣ್ಣತಮ್ಮಂದಿರು ಒಮ್ಮೆ ಹಣ ಹಂಚಿಕೊಂಡ ಮೇಲೆ ಮತ್ತೆ ಒಟ್ಟಿಗೆ ಸಿಗುವುದು ಸುಲಭವಲ್ಲ.

ಹಣ ಕೈ ಬದಲಾಗುವ ಘಳಿಗೆಯಲ್ಲೇ ಜಗಳ. ಮಾರುವವರಿಗೆ ಹೆಬ್ಬೆಟ್ಟು ಒತ್ತುವ ಮೊದಲು ದುಡ್ಡು ಬೇಕು, ಬ್ಯಾಂಕಿಗೆ ನೋಂದಣಿ ಮುಗಿಯಬೇಕು. ಡಿಡಿಯನ್ನು ಬ್ಯಾಂಕು ಮೊದಲೇ ತೆಗೆದು ಅದರ ನಂಬರನ್ನು ಪತ್ರದಲ್ಲಿ ಬರೆಸಿರುತ್ತದೆ, ಜೆರಾಕ್ಸನ್ನು ಮಾರುವವರಿಗೆ ಮುಂಚೆಯೇ ತೋರಿಸುತ್ತದೆ. ಫೋಟೊ, ಬೆರಳಚ್ಚು ಮುಗಿದ ಕೂಡಲೇ ಬ್ಯಾಂಕಿನವರು ಡಿಡಿ ಕೊಟ್ಟು ಕಾಗದ ತಾವಿಟ್ಟುಕೊಳ್ಳುತ್ತಾರೆ. ಈ ಪದ್ಧತಿಯನ್ನು ಮಾರುವವರಿಗೆ ವಾರದ ಮೊದಲೇ ವಿವರಿಸಿ ಹೇಳಿ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರು ನೀವು. 52 ಲಕ್ಷಕ್ಕೆ 52,000. ಇಬ್ಬರು ಮಾರುವವರು, ಇಬ್ಬರು ಕೊಳ್ಳುವವರು ಎಂದು ಪಾಲು ಮಾಡಿದರೂ ಒಟ್ಟು ಬೆಲೆಯೇ ಲೆಕ್ಕ. ಎಡವುವುದು ಇಲ್ಲಿ: ಬ್ಯಾಂಕು ತನ್ನ ಪಾಲನ್ನು ಪೂರ್ತಿ ಕೊಡುತ್ತದೆ, ನೀವು ನಿಮ್ಮದನ್ನು ಪೂರ್ತಿ ಕೊಡುತ್ತೀರಿ, 52,000 ಹಿಡಿಯುವುದೇ ಮರೆತುಹೋಗುತ್ತದೆ. ಅದನ್ನು ನಿಮ್ಮ ಕೈಯಿಂದ ಹೋಗುವ ಭಾಗದಲ್ಲೇ ಕಳೆದು, ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಆದಾಯ ತೆರಿಗೆ ಪೋರ್ಟಲಿನಲ್ಲಿ ಕಟ್ಟಿ. ಮಾರುವವರು ಅನಿವಾಸಿ ಭಾರತೀಯರಾದರೆ ದರವೂ ವಿಧಾನವೂ ಬೇರೆ, ಸಿಎ ಬಳಿ ಹೋಗದೆ ಮುಂದುವರಿಯಬೇಡಿ.

ಬೀಗದ ಕೈ ಸಿಕ್ಕ ಮೇಲೆ

ಖರೀದಿ ಪತ್ರವಿದ್ದರೆ ಸಾಕೆಂದು ವರ್ಷಗಟ್ಟಲೆ ಸುಮ್ಮನಿರುವವರು ಬಹಳ. ಇ-ಖಾತಾ ಮತ್ತು ಸಿಟಿಎಸ್ ಇದ್ದಲ್ಲಿ ಪ್ರಾಪರ್ಟಿ ಕಾರ್ಡು ಎರಡರಲ್ಲೂ ಹೆಸರು ಬದಲಾಗಬೇಕು. ಒಂದಕ್ಕೆ ಅರ್ಜಿ ಕೊಟ್ಟರೆ ಇನ್ನೊಂದು ತಾನಾಗಿ ಆಯಿತೆಂದು ತಿಳಿಯಬೇಡಿ, ಪ್ರತಿ ತೆಗೆಸಿ ನೋಡಿ. ಹೆಸ್ಕಾಂನ ಆರ್‌ಆರ್ ನಂಬರು, ನಳದ ಸಂಪರ್ಕವನ್ನೂ ಹೆಸರಿಗೆ ಮಾಡಿಸಿ. ಮನೆಪಟ್ಟಿಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ.

ಬ್ಯಾಂಕಿಗೆ ಕೊಟ್ಟ ಮೂಲ ಪತ್ರಗಳ ಪಟ್ಟಿಯನ್ನು ಸಹಿ, ಸಿಕ್ಕಾ ಹಾಕಿಸಿ ಪಡೆಯಿರಿ, ಪ್ರತಿಯೊಂದರ ಸ್ಕ್ಯಾನ್ ಇಟ್ಟುಕೊಳ್ಳಿ. ಸಾಲ ತೀರಿದ ದಿನ ಇದು ಬೇಕಾಗುತ್ತದೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಿ, ನೋಂದಾಯಿಸಿದ ಅಡಮಾನವನ್ನು ತೆಗೆಸಬೇಕು. ತಡ ಅವರಿಂದಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಆ 30 ದಿನ ಮುಗಿದ ಮೇಲೆ ಹೊಸ ಇ.ಸಿ. ತೆಗೆಸಿ, ಬಿಡುಗಡೆ ಅದರಲ್ಲಿ ನಮೂದಾಗಿದೆಯೇ ನೋಡಿ ಪತ್ರಗಳ ಜೊತೆಗೇ ಇಡಿ.